ಒಂದೇ ಹೆಸರಿನ ಎರಡು ಅಪಾಯಗಳು

‘ಹೃದಯಾಘಾತದಿಂದ ಸಾವು’ ಎಂಬ ಸುದ್ದಿಯನ್ನು ನೀವು ಆಗಾಗ ಓದಿರುತ್ತೀರಿ. ಆಡುತ್ತಿದ್ದಾಗ ಕುಸಿದವರು, ಬಸ್ಸಿನಲ್ಲಿ ಒರಗಿದವರು, ನಿದ್ರೆಯಲ್ಲೇ ತೀರಿಕೊಂಡವರು – ಎಲ್ಲರಿಗೂ ಅದೇ ಪದ. 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಸಾವುಗಳ ವರದಿಗಳಲ್ಲೂ ಹೀಗೆಯೇ ಆಯಿತು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿದಾಗ, 4 ಸಾವುಗಳಿಗೆ ಹೃದಯ ಕಾರಣವೇ ಅಲ್ಲವೆಂದು ತಿಳಿಯಿತು. ಇದನ್ನು ಭಾಷೆಯ ಸಣ್ಣ ದೋಷವೆಂದು ಬಿಡುವಂತಿಲ್ಲ. ಏಕೆಂದರೆ ಈ ಪದ ಎರಡು ಬೇರೆ ಅಪಾಯಗಳನ್ನು ಒಂದಾಗಿಸಿ, ನಾವು ಮಾಡಬೇಕಾದ ಕೆಲಸವನ್ನೇ ಮರೆಸುತ್ತದೆ.

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಧಮನಿ ಕಟ್ಟಿಕೊಳ್ಳುವುದು ಹೃದಯಾಘಾತ. ರೋಗಿಗೆ ಸಾಮಾನ್ಯವಾಗಿ ಎಚ್ಚರವಿರುತ್ತದೆ. ಎದೆನೋವು, ಬೆವರು ಕಾಣಿಸುತ್ತವೆ. ಆತನ ಎದೆ ಒತ್ತಬಾರದು, ಬೇಗ ಆಸ್ಪತ್ರೆ ಸೇರಿಸಬೇಕು. ಹೃದಯದ ಬಡಿತವೇ ನಿಂತು ರಕ್ತಸಂಚಾರ ಕಡಿಯುವುದು ಹೃದಯಸ್ತಂಭನ. ಹೃದಯಾಘಾತ ಇದಕ್ಕೆ ಒಂದು ಕಾರಣ ಮಾತ್ರ. ವಿದ್ಯುತ್ ಆಘಾತದಿಂದಲೂ ಆಗಬಹುದು. ಇಲ್ಲಿ ನಾಲ್ಕಾರು ನಿಮಿಷಗಳಲ್ಲೇ ಮಿದುಳಿಗೆ ಹಾನಿ ಆರಂಭವಾಗುತ್ತದೆ.

ಈಗ ಕೋಗಳಿಯಂಥ ಊರನ್ನು ನೆನೆಯಿರಿ. ಯಾರಾದರೂ ಕುಸಿದರೆ ಮುಖಕ್ಕೆ ನೀರು ಚಿಮುಕಿಸುತ್ತೇವೆ, ಈರುಳ್ಳಿ ಮೂಸಿಸುತ್ತೇವೆ, ಸಿಕ್ಕ ವಾಹನಕ್ಕೆ ಹತ್ತಿಸಿ ಹಗರಿಬೊಮ್ಮನಹಳ್ಳಿಗೋ ಕೊಟ್ಟೂರಿಗೋ ಓಡುತ್ತೇವೆ. ಹೃದಯಾಘಾತವಾದರೆ ಈ ಓಟ ಸರಿ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ಪರೀಕ್ಷೆ ನಡೆಸಿ, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲೆಂದೇ ರೂಪುಗೊಂಡಿದೆ. ಆದರೆ ಹೃದಯಸ್ತಂಭನವಾಗಿದ್ದರೆ, ದಾರಿಯುದ್ದಕ್ಕೂ ಮಿದುಳಿಗೆ ರಕ್ತವಿಲ್ಲ. ಎಷ್ಟು ಒಳ್ಳೆಯ ಆಸ್ಪತ್ರೆಯೂ ಆ ನಿಮಿಷಗಳನ್ನು ಹಿಂದಿರುಗಿಸಲಾರದು.

ಸಿನಿಮಾಗಳು ಇನ್ನೊಂದು ತಪ್ಪು ಕಲಿಸಿವೆ. ನಾಯಕ ಮೊಣಕೈ ಮಡಚಿ ಮೆಲ್ಲಗೆ ನಾಲ್ಕು ಬಾರಿ ಒತ್ತುತ್ತಾನೆ, ರೋಗಿ ಕಣ್ಣು ಬಿಡುತ್ತಾನೆ. ಬದುಕಿರುವ ನಟನ ಎದೆಯನ್ನು ನಿಜವಾಗಿ ಒತ್ತಲಾಗದು, ಒಪ್ಪೋಣ. ಆದರೆ ಇದನ್ನು ನಂಬಿದವರು, ರೋಗಿ ಏಳಲಿಲ್ಲವೆಂದು ಬೇಗನೆ ಕೈಬಿಡುತ್ತಾರೆ. ಒತ್ತುವ ಉದ್ದೇಶ ಎಬ್ಬಿಸುವುದಲ್ಲ. ನಿಂತ ಹೃದಯದ ಬದಲು ನಿಮ್ಮ ಕೈಗಳು ಮಿದುಳಿಗೆ ರಕ್ತ ಕಳಿಸುವುದು.

ವಿಧಾನ ಕಷ್ಟವಲ್ಲ. ಭುಜ ತಟ್ಟಿ ಕೂಗಿದರೂ ಎಚ್ಚರವಿಲ್ಲ, ಸಹಜ ಉಸಿರಿಲ್ಲ ಎಂದರೆ 108ಕ್ಕೆ ಕರೆ ಮಾಡಿಸಿ. ಬಿಟ್ಟುಬಿಟ್ಟು ಬರುವ ಗೊರಕೆಯಂಥ ಸದ್ದು ಸಹಜ ಉಸಿರಲ್ಲ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಮೂಳೆಯ ಕೆಳ ಅರ್ಧದ ಮೇಲೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಮೊಣಕೈ ನೆಟ್ಟಗಿರಿಸಿ, ನಿಮಿಷಕ್ಕೆ 100ರಿಂದ 120 ಬಾರಿ, 5–6 ಸೆಂ.ಮೀ. ಆಳಕ್ಕೆ ಒತ್ತಿ. ಪ್ರತಿ ಬಾರಿ ಎದೆ ಪೂರ್ತಿ ಮೇಲೇಳಲು ಬಿಡಿ. ದಣಿದರೆ ಇನ್ನೊಬ್ಬರು ಮುಂದುವರಿಸಲಿ. ತರಬೇತಿಯಿಲ್ಲದವರು ವಯಸ್ಕರಿಗೆ ಬಾಯಿಂದ ಉಸಿರು ಕೊಡಲೇಬೇಕೆಂದಿಲ್ಲ. ಮಕ್ಕಳಿಗೆ ಮತ್ತು ನೀರಿನಲ್ಲಿ ಮುಳುಗಿದವರಿಗೆ ಮಾತ್ರ ಉಸಿರೂ ಮುಖ್ಯ. ಅದನ್ನು ತರಬೇತಿಯಲ್ಲಿ ಕಲಿಯಬೇಕು.

ಕೊಟ್ಟೂರಿನ ತೇರಿಗೆ, ಮೈಲಾರದ ಕಾರಣಿಕಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ಅಲ್ಲಿನ ಸ್ವಯಂಸೇವಕರಿಗೆ ಭಾಷಣ ಸಾಲದು. ಗೊಂಬೆಯ ಮೇಲೆ ಕೈಯಾರೆ ಒತ್ತಿ ಕಲಿಯುವ ಅವಕಾಶ ಬೇಕು. ಪತ್ರಿಕೆಗಳು ಮಾಡಬೇಕಾದದ್ದು ಇನ್ನೂ ಸುಲಭ: ಕಾರಣ ಖಚಿತವಾಗುವವರೆಗೆ ‘ಕುಸಿದು ಸಾವು’ ಎಂದಷ್ಟೇ ಬರೆಯಲಿ. ಜೊತೆಗೆ, ಕುಸಿದಾಗ ಯಾರಾದರೂ ಎದೆ ಒತ್ತಿದರೇ ಎಂಬುದನ್ನೂ ಕೇಳಿ ಬರೆಯಲಿ. ಆ ಒಂದು ಸಾಲು ಓದಿದವರಿಗೆ ಮುಂದಿನ ಬಾರಿ ತಮ್ಮ ಕೆಲಸ ಏನೆಂದು ನೆನಪಾದೀತು.