ಸಬೂತೋ, ಸಬೂಬೋ?

ಆಸ್ಪತ್ರೆಯಂಥ ಜಟಿಲ ಕಟ್ಟಡಗಳನ್ನು ರೂಪಿಸುವವರ ಬಾಯಲ್ಲಿ ಈಗ ಎರಡು ಮಾತುಗಳಿವೆ. ಒಂದು, ಪುರಾವೆ ಆಧಾರಿತ ವಿನ್ಯಾಸ. ಇನ್ನೊಂದು, ಒಂದೇ ಅಳತೆಯ ಘಟಕಗಳನ್ನು ಮೊದಲೇ ತಯಾರಿಸಿ ಜೋಡಿಸುವ ಮಾಡ್ಯುಲರ್ ಪದ್ಧತಿ. ಎರಡೂ ಒಳ್ಳೆಯವೇ. ಆದರೆ ಪುರಾವೆ ಯಾವುದಕ್ಕೆ, ಯಾರ ಬಗ್ಗೆ ಎಂದು ನಾವು ಕೇಳಲೇಬೇಕು.

ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷರು ಇಸ್ತಾಂಬುಲ್‌ನ ಸ್ಕುತಾರಿಯಲ್ಲಿದ್ದ ತುರ್ಕಿ ಸೇನೆಯ ಬ್ಯಾರಕ್ಕನ್ನು ಆಸ್ಪತ್ರೆ ಮಾಡಿಕೊಂಡರು. 1854-55ರ ಚಳಿಗಾಲದಲ್ಲಿ ಅಲ್ಲಿ ಗಾಯಕ್ಕಿಂತ ಕಾಯಿಲೆಯಿಂದ ಸತ್ತ ಸೈನಿಕರೇ ಹೆಚ್ಚು. 1855ರ ವಸಂತದಲ್ಲಿ ನೈರ್ಮಲ್ಯ ಆಯೋಗವು ಚರಂಡಿಗಳನ್ನು ಶುಚಿಗೊಳಿಸಿ, ಗಾಳಿಯಾಡಲು ದಾರಿ ಮಾಡಿದ ಮೇಲೆ ಸಾವು ಇಳಿಯಿತು. ಅದೇ ವರ್ಷ ಇಂಜಿನಿಯರ್ ಬ್ರುನೆಲ್, ದಾರ್ದನೆಲ್ಸ್ ಬಳಿಯ ರೆಂಕಿಯೋಯಿಗೆ ಮರದ ಆಸ್ಪತ್ರೆಯೊಂದನ್ನು ಇಂಗ್ಲೆಂಡಿನಲ್ಲೇ ಬಿಡಿಭಾಗಗಳಾಗಿ ಸಿದ್ಧಪಡಿಸಿ ಹಡಗಿನಲ್ಲಿ ಕಳಿಸಿದರು. ಐವತ್ತು ರೋಗಿಗಳಿಗೆ ಒಂದು ಘಟಕ. ಪ್ರತಿ ಘಟಕಕ್ಕೂ ಅದರದೇ ಶೌಚಾಲಯ, ಗಾಳಿ ಊದುವ ಯಂತ್ರ. ಅಲ್ಲಿಗೆ ಬಂದ ಸುಮಾರು 1300 ರೋಗಿಗಳಲ್ಲಿ ಸತ್ತವರು 50 ಮಂದಿ.

ಇದನ್ನು ಜೋಡಣೆಯ ಗೆಲುವೆಂದು ಹೊಗಳುವವರು ಒಂದು ಮಾತು ಬಿಡುತ್ತಾರೆ. ಅಲ್ಲಿಗೆ ಮೊದಲ ರೋಗಿಗಳು ಬಂದದ್ದು ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಸೆವಾಸ್ತೊಪೋಲ್ ಬಿದ್ದಿತ್ತು, ಆ ಭೀಕರ ಚಳಿಗಾಲವೂ ಕಳೆದಿತ್ತು. ಶ್ರೇಯಸ್ಸಿನ ಒಂದು ಪಾಲು ಕಾಲಕ್ಕೆ ಸಲ್ಲಬೇಕು. ಬ್ರುನೆಲ್ಲರ ನಿಜವಾದ ಹಿರಿಮೆ, ಪ್ರತಿ ಘಟಕದೊಳಗೂ ಗಾಳಿ, ನೀರು, ಚರಂಡಿಯನ್ನು ಯೋಚಿಸಿ ಇಟ್ಟದ್ದು.

ಇನ್ನು ಹೊಸ ಪುರಾವೆ. ರೋಜರ್ ಉಲ್ರಿಚ್ 1984ರಲ್ಲಿ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ಹಳೆಯ ದಾಖಲೆಗಳಿಂದ ಒಂದು ಅಧ್ಯಯನ ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳಲ್ಲಿ ಕಿಟಕಿಯಾಚೆ ಮರ ಕಂಡವರು, ಇಟ್ಟಿಗೆ ಗೋಡೆ ಕಂಡವರಿಗಿಂತ ಬೇಗ ಮನೆ ಸೇರಿದರು. ಪ್ರಬಲ ನೋವುನಿವಾರಕವೂ ಅವರಿಗೆ ಕಡಿಮೆ ಸಾಕಾಯಿತು. ಬೆಲೆಯುಳ್ಳ ಅಧ್ಯಯನವೇ. ಆದರೆ ಕಿಟಕಿ ಮುಚ್ಚಿ, ಗೋಡೆಗೆ ಮರದ ಚಿತ್ರ ಅಂಟಿಸಿ, ಇದನ್ನೇ ಆಧಾರವೆಂದು ತೋರಿಸಿದರೆ? ಉರ್ದುವಿನ ಸಬೂತ್ ಎಂದರೆ ಪುರಾವೆ, ಕನ್ನಡದ ಸಬೂಬು ಎಂದರೆ ನೆಪ. ಇಲ್ಲಿ ಮೊದಲಿನದು ಎರಡನೆಯದಾಗಿ ಬಿಡುತ್ತದೆ.

ಹೊರಗಿನ ನಕ್ಷೆಯನ್ನು ಹಾಗೆಯೇ ತರುವ ನಮ್ಮವರೂ ಇದನ್ನು ಯೋಚಿಸಬೇಕು. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ತಾಯಿಯೋ ಅಣ್ಣನೋ ಇದ್ದೇ ಇರುತ್ತಾರೆ. ಊಟ ತರುವವರು, ಔಷಧಿಗೆ ಓಡುವವರು, ರಾತ್ರಿ ಎಚ್ಚರವಿರುವವರು ಅವರೇ. ಮಂಚಗಳನ್ನಷ್ಟೇ ಎಣಿಸಿದ ನಕ್ಷೆಯಲ್ಲಿ ಅವರಿಗೆ ಮಲಗಲು ವರಾಂಡದ ನೆಲವೇ ಗತಿ. ಅಂಥ ಘಟಕವನ್ನು ನೂರು ಸಲ ಜೋಡಿಸಿದರೆ ನೂರು ತಾಯಂದಿರು ನೆಲದ ಮೇಲೆ ಮಲಗುತ್ತಾರೆ. ಅಚ್ಚು ಹಾಕುವ ಮೊದಲು ಅವರನ್ನೂ ಎಣಿಸಲಿ.