ಮೂಗಿಗಿಂತ ಮೂಗುತಿ ಭಾರವಾಗದಂತೆ

ಡೆಸ್ಕ್‌ಟಾಪ್ ಹಳತಾಗಿ ನಿಧಾನವಾದರೆ ನಮ್ಮಲ್ಲಿ ಎರಡೇ ತೀರ್ಪು: ಗುಜರಿಗೆ ಹಾಕು, ಇಲ್ಲವೇ ಎಲ್ಲ ಬದಲಿಸು. ಎರಡೂ ದುಡುಕೇ. ನಮ್ಮ ಮನೆಯ ಮೇಜಿನಡಿ ಇಂಟೆಲ್ ನಾಲ್ಕನೇ ತಲೆಮಾರಿನ ಐ3 ಇದೆ. 2013ರ ಸುಮಾರಿನ ಚಿಪ್, ಎಚ್81 ಬೋರ್ಡ್, 4 ಜಿಬಿ ರ‍್ಯಾಮ್. ಬಟನ್ ಒತ್ತಿ ಕಾಫಿ ಕಾಯಿಸಿಕೊಂಡು ಬಂದರೂ ಪರದೆ ಇನ್ನೂ ಯೋಚಿಸುತ್ತಿರುತ್ತಿತ್ತು.

ಕಿವಿಗೊಟ್ಟರೆ ಕಾರಣ ಕೇಳಿಸುತ್ತಿತ್ತು: ಹಾರ್ಡ್‌ಡಿಸ್ಕಿನ ಕಟಕಟ. ಅದರ ತಟ್ಟೆ ತಿರುಗುವುದು ನಿಮಿಷಕ್ಕೆ 7200 ಸುತ್ತು. ಬೇಕಾದ ಜಾಗ ಓದುವ ಮುಳ್ಳಿನಡಿ ಬರಲು ಸರಾಸರಿ 4 ಮಿಲಿಸೆಕೆಂಡು ಬೇಕು; ಮುಳ್ಳು ಅತ್ತಿತ್ತ ಜರುಗಲು ಅದರ ಸುಮಾರು ಎರಡರಷ್ಟು. ಚದುರಿ ಬಿದ್ದ ಕಡತಗಳನ್ನು ಹೆಕ್ಕುವಾಗ ಸೆಕೆಂಡಿಗೆ ನೂರು ತುಣುಕು ಸಿಕ್ಕರೆ ಪುಣ್ಯ. ಅಷ್ಟು ಹೊತ್ತೂ ಪ್ರೊಸೆಸರ್ ಕೈಕಟ್ಟಿ ಕೂತಿರುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಅದೇ ಕೆಲಸ ಸೆಕೆಂಡಿಗೆ ಸಾವಿರಗಟ್ಟಲೆ ನಡೆಯುತ್ತದೆ. ಹಾಗಾಗಿ ಮೊದಲ ದುಡ್ಡು ಇದಕ್ಕೇ ಹೋಗಬೇಕು. ಎಚ್81ರ ನಾಲ್ಕು ಸಾಟಾ ಪೋರ್ಟುಗಳಲ್ಲಿ 6 ಗಿಗಾಬಿಟ್ ವೇಗದವು ಎರಡೇ. ಕೇಬಲ್ ಸಿಕ್ಕಿಸುವ ಮುನ್ನ ಬೋರ್ಡಿನ ಮೇಲಿನ ಅಕ್ಷರ ಓದಿಕೊಳ್ಳಬೇಕು. ಹಳೆ ಡಿಸ್ಕ್ ಫೋಟೋಗಳ ಉಗ್ರಾಣವಾಗಿ ಒಳಗೇ ಉಳಿಯಲಿ.

ಎರಡನೆಯದು ರ‍್ಯಾಮ್. 4 ಜಿಬಿಗೆ ಇನ್ನೊಂದು 4 ಸೇರಿದರೆ ಬ್ರೌಸರ್ ಉಸಿರಾಡುತ್ತದೆ. ಬೇಕಾದ್ದು ಡಿಡಿಆರ್3; ಡಿಡಿಆರ್4 ಕಡ್ಡಿಯ ಕಚ್ಚು ಬೇರೆ ಜಾಗದಲ್ಲಿದೆ, ಒತ್ತಿದರೂ ಕೂರದು.

ಮೂರನೆಯದು ಒಳಗಿನ ಸ್ವಚ್ಛತೆ; ಅದಕ್ಕೆ ಖರ್ಚೇ ಇಲ್ಲವೆನ್ನಬಹುದು. ಮುಚ್ಚಳ ಬಿಚ್ಚಿದಾಗ ಹೀಟ್‌ಸಿಂಕಿನ ಸಂದಿಗಳಲ್ಲಿ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಅದರಡಿಯ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿತ್ತು. ದಿನವೂ ಗಡಿಯಾರ ತಪ್ಪುತ್ತಿದ್ದುದಕ್ಕೆ ಕಾರಣ ನಾಣ್ಯದಂಥ ಸಿಆರ್2032 ಬ್ಯಾಟರಿ. ಇವನ್ನೆಲ್ಲ ಸರಿಪಡಿಸುವುದು ಹಳ್ಳಿಯ ಸೈಕಲ್ ಶಾಪಿನ ರಿಪೇರಿಯಷ್ಟೇ ಸಲೀಸು.

ಇಲ್ಲಿಗೆ ನಿಲ್ಲಬೇಕು. ಆದರೆ ನಿಲ್ಲುವುದಿಲ್ಲ ಎಂಬುದೇ ಈ ಅಪ್‌ಗ್ರೇಡ್ ರೂಢಿಯ ದೋಷ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಕಾಲಿಟ್ಟರೆ 'ಇಷ್ಟು ಹಾಕಿದ್ದೀರಿ, ಇನ್ನೊಂಚೂರು' ಎಂಬ ರಾಗ ಶುರು. ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಹಳೆ ಎಸ್‌ಎಂಪಿಎಸ್ ತಾಳದು. ಅದನ್ನು ಬದಲಿಸಿದ ಮೇಲೆ ಐ3 ಸಾಲದು ಅನ್ನಿಸುತ್ತದೆ. ಸೆಕೆಂಡ್ ಹ್ಯಾಂಡ್ ಐ7 ತಂದರೆ ಬೋರ್ಡಿನ ವಯಸ್ಸು ಎದುರು ನಿಲ್ಲುತ್ತದೆ. ಮೂಗಿಗಿಂತ ಮೂಗುತಿ ಭಾರ. ಅಷ್ಟಾದರೂ ವಿಂಡೋಸ್ 11 ಬಾಗಿಲು ತೆರೆಯದು: ಅದರ ಅಧಿಕೃತ ಪಟ್ಟಿಯಲ್ಲಿ ಇಂಟೆಲ್ ಕೋರ್ ಚಿಪ್‌ಗಳು ಮೊದಲಾಗುವುದೇ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ, ಜೊತೆಗೆ ಟಿಪಿಎಂ 2.0 ಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರ ಇಂಟರ್ನೆಟ್ಟಿನಲ್ಲಿ ಇರಲೇಬೇಕಾದರೆ ಲಿನಕ್ಸ್ ಮಿಂಟ್ ಸಾಕು; ಬರವಣಿಗೆಗೆ, ಮಕ್ಕಳ ಪಾಠಕ್ಕೆ ಏನೂ ಕೊರತೆಯಾಗದು. ಟ್ಯಾಲಿಯಂಥ ವಿಂಡೋಸ್ ತಂತ್ರಾಂಶವೇ ಜೀವನಾಧಾರ ಆಗಿದ್ದವರು ಮಾತ್ರ ಈ ದಾರಿ ಹಿಡಿಯುವ ಮುನ್ನ ಯೋಚಿಸಬೇಕು.

ನನ್ನ ಅಳತೆಗೋಲು ಒಂದೇ: ನಾಳೆ ಈ ಬೋರ್ಡ್ ಸತ್ತರೆ ಹಾಕಿದ ದುಡ್ಡಿನಲ್ಲಿ ಎಷ್ಟು ಕೈಗೆ ಮರಳುತ್ತದೆ? ಎಸ್‌ಎಸ್‌ಡಿ ಮುಂದಿನ ಯಂತ್ರಕ್ಕೆ ಹೋಗುತ್ತದೆ. ಡಿಡಿಆರ್3 ಹೋಗದು, ಆದರೆ ಅದರ ನಷ್ಟ ಸಣ್ಣದು. ಹಳೆ ಐ7 ಬೋರ್ಡಿನೊಂದಿಗೇ ಸಹಗಮನ ಮಾಡುತ್ತದೆ. ನಮ್ಮ ಡಬ್ಬಕ್ಕೆ ಮೊದಲಿನ ಎರಡು ಹಾಕಿಸಿ ಮುಚ್ಚಳ ಮುಚ್ಚಿದೆ. ಈಗ ಕಾಫಿ ಕುದಿಯುವ ಮುಂಚೆಯೇ ಅದು ಕಾಯುತ್ತಿರುತ್ತದೆ.