‘ಕೆರೆಗೆ ಹಾರ’: ತ್ಯಾಗವೋ, ಮನೆಯೊಳಗಿನ ಹಿಂಸೆಯೋ?

ಕನ್ನಡದ ಜನಪದ ಕಥನಗೀತೆಗಳಲ್ಲಿ ‘ಕೆರೆಗೆ ಹಾರ’ದಷ್ಟು ಜನಮನವನ್ನು ಕಲಕಿದ ಕೃತಿ ಮತ್ತೊಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಬೀಸುವ ಕಲ್ಲಿನ ಮುಂದೆ ಹುಟ್ಟಿ ಬೆಳೆದ ಹಾಡುಗಳ ನಾಡಾದ ಉತ್ತರ ಕರ್ನಾಟಕದ ಈ ಗೀತೆ ಪಠ್ಯಪುಸ್ತಕಗಳಲ್ಲಿಯೂ ಸೇರಿ ನಾಡಿಗೆಲ್ಲ ಪರಿಚಿತವಾಗಿದೆ. ಇದರ ನಾಯಕಿ ಭಾಗೀರತಿಯನ್ನು ಲೋಕಹಿತಕ್ಕಾಗಿ ಪ್ರಾಣವನ್ನಿತ್ತ ತ್ಯಾಗಮೂರ್ತಿಯೆಂದು ಕೊಂಡಾಡುವುದು ರೂಢಿ. ಆದರೆ ತ್ಯಾಗವೆಂಬುದು ತ್ಯಾಗಿಯ ಇಚ್ಛೆಯಿಂದ ಹುಟ್ಟತಕ್ಕದ್ದು. ಭಾಗೀರತಿಯ ಇಚ್ಛೆಯನ್ನು ಗೀತೆಯಲ್ಲಿ ಯಾರಾದರೂ ಕೇಳಿದರೇ ಎಂಬ ಪ್ರಶ್ನೆಯನ್ನು ವಿಮರ್ಶೆಯು ಬಹುಕಾಲ ಬದಿಗಿರಿಸಿತು.

ಗೀತೆಯ ಹಿನ್ನೆಲೆಯನ್ನು ಅರಿಯಲು ಧಾರವಾಡ ಜಿಲ್ಲೆಯ ಎರೆಭೂಮಿಯನ್ನು ನೆನೆಯಬೇಕು. ನವಲಗುಂದ, ಅಣ್ಣಿಗೇರಿಗಳ ಕಡೆ ಬಾವಿಯ ನೀರು ಬಹುತೇಕ ಸವಳು. ಕುಡಿಯಲು ಕೆರೆಯ ನೀರೇ ಆಧಾರ. ನವಲಗುಂದದ ನೀಲಮ್ಮನ ಕೆರೆ ಊರಿನ ಜೀವವಾಗಿ ಬಂದುದು ಈ ಕಾರಣದಿಂದಲೇ. ಇಂತಹ ನಾಡಿನಲ್ಲಿ ಕಟ್ಟಿಸಿದ ಕೆರೆಗೆ ನೀರು ಬಾರದಿದ್ದರೆ ಅದು ಊರಿಗೆಲ್ಲ ಬಂದ ಆಪತ್ತು. ಕಲ್ಲನಕೇರಿಯ ಮಲ್ಲನಗೌಡನ ಚಿಂತೆ ಸುಳ್ಳಲ್ಲ. ಆದರೆ ಊರಿನ ಆಪತ್ತಿಗೆ ತೆರಬೇಕಾದ ಬೆಲೆ ಮನೆಯೊಳಗಿನ ಅತ್ಯಂತ ಅಸಹಾಯಕ ಜೀವದ ಮೇಲೆಯೇ ಬೀಳುವ ಬಗೆಯನ್ನು ಜನಪದ ಕವಿ ಕಣ್ಣು ತಪ್ಪದೆ ಕಂಡಿದ್ದಾನೆ.

ಹೊತ್ತಿಗೆ ತೆರೆದು ನೋಡಿದಾಗ ಹಾರ ಕೊಡಬೇಕೆಂಬ ಮಾತು ಬರುತ್ತದೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲವಾಗುತ್ತಾರೆ. ಆದ್ದರಿಂದ ಕಿರಿಯ ಸೊಸೆಯಾಗಲಿ ಎಂಬುದು ನಿರ್ಣಯ. ಇಲ್ಲಿ ದೈವದ ಮಾತಿಗಿಂತ ಮನೆತನದ ಲೆಕ್ಕಾಚಾರವೇ ಎದ್ದು ಕಾಣುತ್ತದೆ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಕಿರಿಯಳು, ಗಂಡ ಹತ್ತಿರವಿಲ್ಲದವಳು, ಎದುರು ಮಾತನಾಡದವಳು ಎಂಬ ಮೂರೂ ಕಾರಣಗಳು ಅವಳಲ್ಲಿ ಕೂಡಿಬಂದಿವೆ. ಮನೆಯೊಳಗಿನ ಹಿಂಸೆ ಕೋಪದ ಭರದಲ್ಲಿ ಎತ್ತಿದ ಕೈಯಷ್ಟೇ ಅಲ್ಲ. ಹಿರಿಯರು ಶಾಂತವಾಗಿ ಕುಳಿತು ಮಾಡಿದ ನಿರ್ಣಯವೂ ಹಿಂಸೆಯಾಗಬಲ್ಲದು.

ಗೀತೆಯ ಹೃದಯಭಾಗವೆಂದರೆ ಭಾಗೀರತಿ ತವರಿಗೆ ಹೋಗುವ ಪ್ರಸಂಗ. ಎಂದೂ ಹೀಗೆ ಬಾರದ ಮಗಳು ಅವಸರದಿಂದ ಬಂದುದನ್ನೂ ಅವಳ ಕಣ್ಣೀರನ್ನೂ ತಂದೆ ಕಾಣುತ್ತಾನೆ, ಕಾರಣವನ್ನೂ ಕೇಳುತ್ತಾನೆ. ಅವಳು ನಿಜವನ್ನು ನುಡಿಯದೆ, ಅತ್ತೆಮಾವಂದಿರು ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ತಂದೆ ಹೊಲಮನೆ ಕೊಡುವೆನೆನ್ನುತ್ತಾನೆ. ತಾಯಿ ಒಡವೆಯ ಮಾತಾಡುತ್ತಾಳೆ. ಪಾಠಾಂತರಗಳಲ್ಲಿ ವಿವರಗಳು ಬೇರೆಯಾದರೂ ಪ್ರಸಂಗದ ಸ್ವರೂಪ ಒಂದೇ. ತವರಿನವರು ಕ್ರೂರಿಗಳಲ್ಲ, ಅವರಿಗೆ ಮಗಳ ಮೇಲೆ ಪ್ರೀತಿಯಿದೆ. ಆದರೆ ಅವಳ ಕಣ್ಣೀರಿಗೆ ಅವರು ಬಲ್ಲ ಪರಿಹಾರ ವಸ್ತುಗಳೇ ಹೊರತು ಆಶ್ರಯವಲ್ಲ. ‘ನಿಜವನ್ನು ಹೇಳು, ಇಲ್ಲಿಯೇ ಇರು’ ಎಂಬ ಮಾತು ಆ ಮನೆಯಲ್ಲಿ ಹುಟ್ಟುವುದಿಲ್ಲ.

ಕಡೆಗೆ ಅವಳು ನಿಜವನ್ನು ಹೇಳುವುದು ಗೆಳತಿಯ ಮುಂದೆ. ಗೆಳತಿಯ ಉತ್ತರದ ತಾತ್ಪರ್ಯವಿಷ್ಟೆ: ಕೊಟ್ಟರೆ ಕೊಡಲಿ, ಇಟ್ಟ ಹಾಗೆ ಇರಬೇಕು. ಈ ಮಾತನ್ನು ಗರತಿಯ ಧರ್ಮದ ಸಾರವೆಂದು ವ್ಯಾಖ್ಯಾನಿಸಿದವರುಂಟು. ಆದರೆ ಗೀತೆಯ ನಡೆಯನ್ನು ಗಮನಿಸಿದರೆ ಅದು ಬೋಧೆಯಲ್ಲ, ಕೊನೆಯ ಬಾಗಿಲೂ ಮುಚ್ಚಿದ ಸದ್ದು. ಗೆಳತಿಯೂ ಒಬ್ಬ ಸೊಸೆಯೇ ಆಗಿರಬಹುದು. ತನಗೆ ತಿಳಿದ ಲೋಕದ ರೀತಿಯನ್ನೇ ಅವಳು ಹೇಳುತ್ತಾಳೆ. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿಯ ಬಳಿ ಗೆಳತಿಯರೊಡನೆ ಹೇಳಿಕೊಳ್ಳುವ ಎಷ್ಟೋ ಸಂಗತಿಗಳಿಗೆ ಇಂದಿಗೂ ಹಳ್ಳಿಗಳಲ್ಲಿ ದೊರೆಯುವ ಉತ್ತರ ಇದಕ್ಕಿಂತ ಬೇರೆಯಲ್ಲ.

ಮುಂದೆ ಕೆರೆಯ ದಂಡೆಯಲ್ಲಿ ಪೂಜೆ, ಊಟ ಎಲ್ಲವೂ ಹಬ್ಬದಂತೆ ನಡೆಯುತ್ತವೆ. ಬಂಗಾರದ ಬಟ್ಟಲನ್ನು ಮರೆತು ಬಂದಂತೆ ಮಾಡಿ, ತರಲು ಒಬ್ಬರಿಗೊಬ್ಬರು ಹೇಳುತ್ತ ಕಡೆಗೆ ಕಿರಿಯ ಸೊಸೆಯನ್ನೇ ಕಳುಹಿಸುತ್ತಾರೆ. ಅವಳು ಮೆಟ್ಟಿಲೇರಿದಂತೆಲ್ಲ ನೀರೂ ಏರುತ್ತದೆ. ಯಾರೂ ಅವಳನ್ನು ನೂಕಲಿಲ್ಲ. ಮನೆಯೊಳಗಿನ ಹಿಂಸೆ ತನ್ನ ಗುರುತನ್ನು ಅಡಗಿಸಿಕೊಳ್ಳುವ ಪರಿ ಇದು. ಬಟ್ಟಲಿನ ನೆಪವೊಂದಿದ್ದರೆ ಸಾಕು, ಎಲ್ಲರೂ ನಿರಪರಾಧಿಗಳೇ.

ಕೆರೆ ತುಂಬಿತು, ಕಥೆ ಅಲ್ಲಿಗೆ ಮುಗಿದಿದ್ದರೆ ತ್ಯಾಗದ ವ್ಯಾಖ್ಯಾನಕ್ಕೆ ಎಡೆಯಿರುತ್ತಿತ್ತು. ಆದರೆ ಜನಪದ ಕವಿ ಮುಗಿಸುವುದಿಲ್ಲ. ದಂಡಿನಲ್ಲಿ ಕೆಟ್ಟ ಕನಸು ಕಂಡು ಓಡಿ ಬಂದ ಮಾದೇವರಾಯನಿಗೆ ಮನೆಯವರು ನಿಜ ಹೇಳುವುದಿಲ್ಲ. ಅವನು ತವರನ್ನು ಹುಡುಕಿ, ಗೆಳತಿಯಿಂದ ಸಂಗತಿ ತಿಳಿದು, ಅದೇ ಕೆರೆಗೆ ಹಾರಿಕೊಳ್ಳುತ್ತಾನೆ. ಹಿರಿತನವನ್ನು ಉಳಿಸಲು ಸೊಸೆಯನ್ನು ಕೊಟ್ಟ ಮನೆ ಮಗನನ್ನೂ ಕಳೆದುಕೊಂಡಿತು. ಒಬ್ಬಳ ಮೇಲೆ ನಡೆದ ಹಿಂಸೆ ಒಬ್ಬಳಲ್ಲಿಯೇ ನಿಲ್ಲುವುದಿಲ್ಲವೆಂಬುದನ್ನು ಗೀತೆ ಕಥೆಯ ಗತಿಯಿಂದಲೇ ತೋರಿಸುತ್ತದೆ.

ಗೌಡನಿಗೆ ಗೀತೆಯಲ್ಲಿ ಶಿಕ್ಷೆಯಿಲ್ಲ, ಆದ್ದರಿಂದ ಕವಿಗೆ ಅದು ಸಮ್ಮತವೇ ಎಂದು ಆಕ್ಷೇಪಿಸಬಹುದು. ತೀರ್ಪು ಕೊಡುವುದು ಜನಪದ ಗೀತೆಯ ರೀತಿಯಲ್ಲ. ಆದರೆ ಕೇಳುವವರ ಕಣ್ಣೀರು ಯಾರ ಕಡೆಗೆ ಹರಿಯಬೇಕೆಂಬುದನ್ನು ಅದು ನಿಶ್ಚಯಿಸಿದೆ. ಬೀಸುತ್ತ ಹಾಡಿದ ಸೊಸೆಯಂದಿರು ಅದನ್ನು ಬಲ್ಲವರಾಗಿದ್ದರು.

ಈ ಮೌನಕ್ಕೆ ಎದುರಾಗಿ ಹರಿಹರನ ‘ಮಹಾದೇವಿಯಕ್ಕನ ರಗಳೆ’ಯನ್ನು ಇಟ್ಟು ನೋಡುವುದು ಉಚಿತ. ಅಲ್ಲಿಯೂ ತಂದೆತಾಯಿಗಳ ಮೇಲೆ ಅರಸನ ಬೆದರಿಕೆಯಿದೆ. ಮಹಾದೇವಿ ಅವರಿಗಾಗಿ ಕೌಶಿಕನ ಮನೆಗೆ ಹೋಗುತ್ತಾಳೆ. ಆದರೆ ಶಿವಪೂಜೆಗೆ, ಮಾಹೇಶ್ವರರ ಗೋಷ್ಠಿಗೆ, ಗುರುಸೇವೆಗೆ ತಡೆಯಿರಬಾರದೆಂಬ ಕರಾರಿನೊಡನೆ ಹೋಗುತ್ತಾಳೆ. ಮೂರು ತಪ್ಪುಗಳನ್ನು ಸೈರಿಸಿ ಹೊರಡುತ್ತಾಳೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ವಿವಾಹವೇ ನಡೆಯುವುದಿಲ್ಲ. ಹರಿಹರನ ಚಿತ್ರಣವನ್ನು ಒಪ್ಪಲು ಹಿಂಜರಿದವರಿದ್ದರೂ, ಸೈರಣೆಗೆ ಮೇರೆಯುಂಟು, ಮೇರೆ ಮೀರಿದಾಗ ಹೊರಡುವುದು ಅಧರ್ಮವಲ್ಲ ಎಂಬ ದೊಡ್ಡ ತತ್ತ್ವ ಅವನ ರಗಳೆಯಲ್ಲಿಯೇ ಸ್ಪಷ್ಟವಾಗಿದೆ.

ಜೇಡರ ದಾಸಿಮಯ್ಯನ ವಚನವೊಂದು ಸತಿಪತಿಗಳು ಒಂದಾದ ಭಕ್ತಿ ಶಿವನಿಗೆ ಹಿತವೆಂದು ಸಾರುತ್ತದೆ. ಮದುವೆಯ ಆಶೀರ್ವಚನಗಳಲ್ಲಿ ಅದರ ಮೊದಲರ್ಧ ಕೇಳಿಬರುವಷ್ಟು ಉತ್ತರಾರ್ಧ ಕೇಳಿಬರುವುದಿಲ್ಲ. ಒಂದಾಗದ ಭಕ್ತಿ ಅಮೃತದಲ್ಲಿ ವಿಷ ಬೆರೆತಂತೆ ಎಂಬುದು ಆ ಭಾಗದ ಭಾವ. ಒಂದಾಗುವ ಹೊಣೆಯನ್ನು ದಾಸಿಮಯ್ಯ ಸತಿಯೊಬ್ಬಳ ಮೇಲೆ ಹೊರಿಸಲಿಲ್ಲ. ಅಧಿಕವಾಗಿ ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮ ತಿದ್ದಿದಾಗ ಅವನು ತಿದ್ದಿಕೊಂಡನೇ ಹೊರತು ಕೈಯೆತ್ತಲಿಲ್ಲ. ಶರಣರ ದಾಂಪತ್ಯದ ನಿಜವಾದ ಒರೆಗಲ್ಲು ಇದು. ದಯೆಯನ್ನೇ ಧರ್ಮದ ಮೂಲವೆಂದ ಬಸವಣ್ಣನ ಮಾತು ಸಕಲ ಪ್ರಾಣಿಗಳಿಗೆ ಅನ್ವಯಿಸುವಾಗ ಒಲೆಯ ಮುಂದೆ ಕುಳಿತವಳನ್ನು ಹೊರಗಿಡಲು ಬಾರದು.

ಇದು ಹಳೆಯ ಹಾಡಿನ ಮಾತಾಗಿ ಮಾತ್ರ ಉಳಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 44ರಷ್ಟು ಮಂದಿ ಗಂಡನಿಂದ ಹಿಂಸೆಗೊಳಗಾದುದನ್ನು ಹೇಳಿದ್ದಾರೆ. ಇಡೀ ದೇಶದ ಪ್ರಮಾಣ 29. ತಂದೆ ತಾಯಿಯನ್ನು ಹೊಡೆಯುವುದನ್ನು ಕಂಡು ಬೆಳೆದ ಹೆಣ್ಣುಮಕ್ಕಳು ಮುಂದೆ ತಾವೂ ಅದಕ್ಕೆ ಗುರಿಯಾಗುವುದು ಹೆಚ್ಚೆಂಬುದನ್ನೂ ಇಂತಹ ಸಮೀಕ್ಷೆಗಳು ತೋರಿಸಿವೆ. ತವರಿನವರು ಪ್ರೀತಿಯಿಂದ ಕಳುಹಿಸುವ ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ಮಲಗಿದ ಕೂಸಿಗೂ ಮನೆಯ ಗದ್ದಲ ಕೇಳಿಸುತ್ತದೆ.

2005ರಲ್ಲಿ ರಚಿತವಾಗಿ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಹೊಡೆತದೊಡನೆ ಬೈಗುಳ, ಮನೋವೇದನೆ, ಹಣಕಾಸಿನ ನಿರ್ಬಂಧಗಳನ್ನೂ ಹಿಂಸೆಯೆಂದೇ ಪರಿಗಣಿಸಿದೆ. ಮನೆಯಲ್ಲಿ ವಾಸಿಸುವ ಹಕ್ಕನ್ನು ಹೆಣ್ಣಿಗೆ ಕೊಟ್ಟಿದೆ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. 181 ಸಹಾಯವಾಣಿಯ ಸಂಖ್ಯೆ. ಆದರೆ ಹಳ್ಳಿಯ ಹೆಣ್ಣು ಮೊದಲು ಬರುವುದು ಕಚೇರಿಗಲ್ಲ. ಅವಳು ತವರಿಗೆ, ಗೆಳತಿಯಲ್ಲಿಗೆ, ಮಠಕ್ಕೆ ಬರುತ್ತಾಳೆ. ಬಂದ ಕೂಡಲೇ ನಿಜವನ್ನೂ ಹೇಳುವುದಿಲ್ಲ. ಬೇರೆ ಇಡುತ್ತಾರಂತೆ ಎಂಬಂತಹ ಯಾವುದೋ ಮಾತು ಹೇಳುತ್ತಾಳೆ. ಅವಳ ಕಣ್ಣನ್ನು ನೋಡಿ ಎರಡನೆಯ ಸಲ ಕೇಳುವವರು ಅಲ್ಲಿರಬೇಕು. ಕಲ್ಲನಕೇರಿಯ ಗೀತೆಯಲ್ಲಿ ಹಾಗೆ ಕೇಳಿದವರು ಒಬ್ಬರೂ ಇರಲಿಲ್ಲ.